ವಿಡಿಯೊ ಸೈಜ್ ಇಳಿಸುವ ಮೊದಲು

ಜಿಲ್ಲೆಗಳಿಂದ ಸುದ್ದಿ ಕಳಿಸುವ ನಮಗೆ ಡೆಸ್ಕಿನಿಂದ ಕೇಳಿಬರುವ ಮಾತು ಎರಡೇ. ಮೊದಲು ‘ಬೇಗ ಕಳಿಸ್ರೀ’, ಆಮೇಲೆ ‘ವಿಷುಯಲ್ ಕ್ಲಿಯರ್ ಇಲ್ವಲ್ರೀ’. ಯಾವ ಸೆಟ್ಟಿಂಗಿನಲ್ಲಿ ಎಕ್ಸ್‌ಪೋರ್ಟ್ ಮಾಡಬೇಕೆಂದು ಮಾತ್ರ ಯಾರೂ ಹೇಳುವುದಿಲ್ಲ. ಸುದ್ದಿಗಿಷ್ಟು ಎಂದು ದುಡ್ಡು ಎಣಿಸಿಕೊಳ್ಳುವ ನಮಗೆ, ಬಳಸಲಾಗದ ವಿಡಿಯೊ ಎಂದರೆ ಅಂದಿನ ಪೆಟ್ರೋಲ್ ಖರ್ಚೂ ಹೋದಂತೆ.

ಹೆಚ್ಚಿನ ಫೋನು, ಕಂಪ್ಯೂಟರುಗಳಲ್ಲಿ ತೆರೆಯುವ ಎಚ್.264 ವಿಧಾನ ವಿಡಿಯೊವನ್ನು ಹೇಗೆ ಕುಗ್ಗಿಸುತ್ತದೆ ನೋಡಿ. ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗದ ಭಾಗವನ್ನು ಅದು ಮತ್ತೆ ಮತ್ತೆ ಬರೆದಿಡುವುದಿಲ್ಲ, ಬದಲಾದದ್ದನ್ನಷ್ಟೇ ಇಡುತ್ತದೆ. ಮಂತ್ರಿಗಳು ಮೈಕಿನ ಮುಂದೆ ಕೂತು ಮಾತಾಡಿದರೆ ಅಲ್ಲಾಡುವುದು ಬಾಯಿ ಮಾತ್ರ, ಅದಕ್ಕೆ 4 ಎಂಬಿಪಿಎಸ್ ಬಿಟ್‌ರೇಟ್ ಸಾಕು. ಕೋಡಿ ಬಿದ್ದ ಕೆರೆ, ಜಾತ್ರೆಯ ಜನ, ಗಾಳಿಗೆ ತೂಗುವ ರಾಗಿ ಹೊಲ ಹಾಗಲ್ಲ. ಅಲ್ಲಿ ಇಡೀ ಫ್ರೇಮೇ ಅಲುಗುತ್ತಿರುತ್ತದೆ. ಅದೇ 4ರಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ನೀರು ಚೌಕ ಚೌಕವಾಗಿ ಕಾಣುತ್ತದೆ. ನಮ್ಮ ಸುದ್ದಿಗಳಲ್ಲಿ ಹೆಚ್ಚಿನವು ಈ ಎರಡನೇ ಜಾತಿಯವು ಎಂಬುದನ್ನು ಡೆಸ್ಕಿನವರು ಮರೆಯುತ್ತಾರೆ.

ಹಾಗಂತ 4ಕೆಯಲ್ಲಿ ಕಳಿಸಿ ಎನ್ನುವುದೂ ಸರಿಯಲ್ಲ. ಲೆಕ್ಕ ಸುಲಭ. 8 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 1 ಎಂಬಿ, 2 ನಿಮಿಷಕ್ಕೆ 120 ಎಂಬಿ. ಹಳ್ಳಿಯಲ್ಲಿ ಅಪ್‌ಲೋಡ್ ವೇಗ 2 ಎಂಬಿಪಿಎಸ್ ಸಿಕ್ಕರೆ ಅದು ಹೋಗಲು 8 ನಿಮಿಷ ಬೇಕು. 35 ಎಂಬಿಪಿಎಸ್‌ನ 4ಕೆ ಆದರೆ 35 ನಿಮಿಷ! ಅಷ್ಟರಲ್ಲಿ ಬುಲೆಟಿನ್ನೇ ಮುಗಿದಿರುತ್ತದೆ. 1080ಪಿ ವಿಡಿಯೊಗೆ ಯೂಟ್ಯೂಬ್ ಕೂಡ ಸೂಚಿಸುವುದು 8 ಎಂಬಿಪಿಎಸ್ ಅನ್ನೇ. ನಮಗೂ ಅದು ಸಾಕು.

ಸಿಗ್ನಲ್ ಅಷ್ಟೂ ಇಲ್ಲದಿದ್ದರೆ? ನಾವು ಹೇಳುವುದು, ಮೊದಲು ಕತ್ತರಿ ಹಾಕಿ. 2 ನಿಮಿಷ ಕಳಿಸಿದರೂ ಅವರು ಬಳಸುವುದು 20 ಸೆಕೆಂಡು. ಆಮೇಲೆ 720ಪಿಗೆ ಇಳಿಯಿರಿ. ಅದರಲ್ಲಿ ಪಿಕ್ಸೆಲ್‌ಗಳು 1080ಪಿಯ ಅರ್ಧಕ್ಕಿಂತ ಕಡಿಮೆ, ಹಾಗಾಗಿ ಕಡಿಮೆ ಬಿಟ್‌ರೇಟಿನಲ್ಲೂ ಚಿತ್ರ ಒಡೆಯುವುದು ಕಮ್ಮಿ. 1080ಪಿ ಹಾಗೇ ಇಟ್ಟು ಬಿಟ್‌ರೇಟನ್ನಷ್ಟೇ ಹಿಂಡುವುದು ಕಟ್ಟಕಡೆಯ ದಾರಿ. ಎಚ್.265 ಇನ್ನೂ ಚಿಕ್ಕ ಫೈಲ್ ಕೊಡುತ್ತದೆ ನಿಜ, ಆದರೆ ಡೆಸ್ಕಿನ ಹಳೇ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಚಿಕ್ಕದಾಗಿ ಏನು ಬಂತು?

ಇಷ್ಟೆಲ್ಲ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದೇ ಕಳಿಸಿದರೆ ಅದು ಮತ್ತೊಮ್ಮೆ ಕುಗ್ಗಿಸುತ್ತದೆ. ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಇದ್ದ ಹಾಗೇ ಹೋಗುತ್ತದೆ. ಇದನ್ನು ಸ್ಟ್ರಿಂಗರ್ ತಾನಾಗಿಯೇ ಕಂಡುಕೊಳ್ಳಲಿ ಎಂದು ಬಿಡುವ ಬದಲು, ಪ್ರತಿ ಸಂಸ್ಥೆಯೂ ತನಗೆ ಬೇಕಾದ ಫಾರ್ಮ್ಯಾಟ್, ರೆಸಲ್ಯೂಷನ್, ಬಿಟ್‌ರೇಟನ್ನು ಒಂದು ಸಾಲಿನಲ್ಲಿ ಬರೆದು ಗ್ರೂಪಿನಲ್ಲಿ ಪಿನ್ ಮಾಡಲಿ. ಅದಕ್ಕೇನೂ ದುಡ್ಡು ಬೇಕಿಲ್ಲ.

ಫೋನ್ ಮೆಮೊರಿ ತುಂಬಿತೆಂದು ಮೂಲ ಕ್ಲಿಪ್ ಅಳಿಸುವ ಅಭ್ಯಾಸವೂ ನಮ್ಮಲ್ಲಿ ಬಿಡಬೇಕು. ಅಕ್ರಮ ಮರಳು ಲಾರಿಯ ಸುದ್ದಿಗೆ ನಾಳೆ ಆಕ್ಷೇಪಣೆ ಬಂದರೆ ಬೇಕಾಗುವುದು ಆ ನಂಬರ್ ಪ್ಲೇಟ್. ವಾಟ್ಸ್‌ಆ್ಯಪ್ ಪ್ರತಿಯನ್ನು 50 ಎಂಬಿಪಿಎಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಫೈಲ್ ದಪ್ಪಗಾಗುತ್ತದೆ, ಅಳಿಸಿಹೋದ ನಂಬರ್ ವಾಪಸ್ ಬರುವುದಿಲ್ಲ.