ಆರನೇ ವರ್ಷದ ಹಲ್ಲು



ಮಹಾಪೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ದುಡಿಯುವ ನಮ್ಮ ಮಿತ್ರರೊಬ್ಬರು ಎಂಟು ವರ್ಷದ ಮಗಳ ಕೊಳೆತ ದವಡೆಹಲ್ಲು ಕೀಳಿಸಿ ಬಂದರು. "ಹಾಲುಹಲ್ಲು ತಾನೆ, ಇನ್ನೊಂದು ಬರುತ್ತದೆಂದು ಸುಮ್ಮನಿದ್ದೆವು" ಎಂದರು. ಬರುವುದಿಲ್ಲ! ಆರನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಹುಟ್ಟುವ ದವಡೆಹಲ್ಲು ಶಾಶ್ವತವಾದದ್ದು. ತಂದೆತಾಯಿಗೆ ಅದು ಬಂದದ್ದೇ ತಿಳಿಯುವುದಿಲ್ಲ, ವೈದ್ಯರಿಗೆ ತಿಳಿಯುತ್ತದೆ. ಹುಳುಕು ಸಾಸಿವೆಯಷ್ಟಿದ್ದಾಗ ತುಂಬಿಸಿದರೆ ಹಲ್ಲು ಉಳಿಯುತ್ತದೆ. ನೋವು ಬಂದ ಮೇಲೆ ಓಡಿದರೆ ಖರ್ಚೂ ಹೆಚ್ಚು, ಮಗುವಿನ ಗೋಳೂ ಹೆಚ್ಚು.

ತಪ್ಪು ನಮ್ಮದೂ ಇದೆ. ರಾತ್ರಿ ಹೋಟೆಲಿನಿಂದ ಮರಳುವಾಗ ಪ್ರೀತಿಯೆಂದು ಮಿಠಾಯಿ ತರುತ್ತೇವೆ. ಮಗು ತಿಂದು ಬಾಯಿ ತೊಳೆಯದೆ ಮಲಗುತ್ತದೆ.

2019ರಿಂದ ನೂರು ರೂಪಾಯಿ ಸಂಬಳಕ್ಕೆ 75 ಪೈಸೆಯಂತೆ ಇ.ಎಸ್.ಐ.ಗೆಂದು ನಮ್ಮಿಂದ ಹಿಡಿಯುತ್ತಾರೆ. ಅದರ ಔಷಧೋಪಚಾರದ ಹಕ್ಕು ಹೆಂಡತಿ ಮಕ್ಕಳಿಗೂ ಉಂಟು. ಹಲ್ಲಿನ ಮಾತನ್ನೂ ಅಲ್ಲಿ ಬಾಯಿಬಿಟ್ಟು ಕೇಳಬೇಕು. ಅದಿಲ್ಲದವರಿಗೆ ನೆರೂಳಿನಲ್ಲಿ ಡಿ. ವೈ. ಪಾಟೀಲ ದಂತ ಕಾಲೇಜು, ಮುಂಬಯಿ ಸೆಂಟ್ರಲ್ ಬಳಿ ನಾಯರ್ ದಂತ ಆಸ್ಪತ್ರೆ ಇವೆ. ಆದರೆ ಅವು ತೆರೆದಿರುವ ಹೊತ್ತೇ ನಮ್ಮ ದುಡಿಮೆಯ ಹೊತ್ತು. ಆರು ತಿಂಗಳಿಗೊಮ್ಮೆ ಮಗುವಿನ ಹಲ್ಲು ತೋರಿಸಲು ಸಂಬಳಸಹಿತ ಅರ್ಧ ದಿನದ ರಜೆ ಕೊಡಿರೆಂದು ಮಾಲಕರನ್ನು ಕೇಳುವುದು ನ್ಯಾಯವೇ. ಈ ತಿಂಗಳ ಸಭೆಯಲ್ಲಿ ಈ ಮಾತು ಎತ್ತುತ್ತೇವೆ; ಬನ್ನಿ.