ಮೊದಲ ಪಂಕ್ತಿ ತಪ್ಪಿದವರು ಎರಡನೇ ಪಂಕ್ತಿಗೆ ಕೂರಬೇಕೇ?

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ಗೆ ಮಾರ್ಚ್ ಎಂದರೆ ಹಬ್ಬದ ತಿಂಗಳು. ಆದರೆ ಹಬ್ಬದೂಟಕ್ಕೆ ಎಲ್ಲರಿಗೂ ಕರೆ ಇರುವುದಿಲ್ಲ. ಪುರುಷರ ಮೊದಲ ಡಿವಿಷನ್‌ನಲ್ಲಿ 360ಕ್ಕೂ ಹೆಚ್ಚು ತಂಡಗಳಿದ್ದರೂ ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯ (ಎನ್‌ಸಿಎಎ) ಪ್ರಧಾನ ಟೂರ್ನಿ 2011ರಲ್ಲಿ ವಿಸ್ತರಣೆಗೊಂಡ ನಂತರವೂ ಅಲ್ಲಿ ದೊರೆತದ್ದು 68 ತಂಡಗಳಿಗಷ್ಟೇ ಸ್ಥಾನ. ಹೊರಗುಳಿದವರಿಗಾಗಿ ಇರುವುದೇ ಎನ್ಐಟಿ ಮತ್ತು ಅದರ ನಂತರ ಹುಟ್ಟಿಕೊಂಡ ಕಿರು ಟೂರ್ನಿಗಳು. ಆಹ್ವಾನ ಬಂದರೆ ಆಡಬೇಕೇ, ಚೀಲ ಕಟ್ಟಿಕೊಂಡು ಮನೆಗೆ ಮರಳಬೇಕೇ ಎಂಬ ಪ್ರಶ್ನೆ ಕೆಲವು ವರ್ಷಗಳಿಂದ ತೀವ್ರಗೊಂಡಿದೆ.

ಎನ್ಐಟಿ ಮೊದಲಿನಿಂದಲೂ ಎರಡನೇ ಪಂಕ್ತಿಯದ್ದಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1938ರಲ್ಲಿ ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆರಂಭವಾದ ಅದು ಎನ್‌ಸಿಎಎ ಟೂರ್ನಿಗಿಂತ ಒಂದು ವರ್ಷ ಹಿರಿಯದು. 1970ರಲ್ಲಿ ಮಾರ್ಕೆಟ್ ವಿಶ್ವವಿದ್ಯಾಲಯದ ತರಬೇತುದಾರ ಅಲ್ ಮೆಗ್ವೈರ್, ತಮ್ಮ ತಂಡವನ್ನು ದೂರದ ಟೆಕ್ಸಾಸ್‌ಗೆ ಅಟ್ಟಿದ ಎನ್‌ಸಿಎಎ ಆಹ್ವಾನವನ್ನೇ ತಿರಸ್ಕರಿಸಿ ಎನ್ಐಟಿ ಆಡಿದರು, ಗೆದ್ದೂ ಬಿಟ್ಟರು. ಮುಖಭಂಗವಾದ ಎನ್‌ಸಿಎಎ, ಮುಂದೆ ತನ್ನ ಆಹ್ವಾನವನ್ನು ಯಾರೂ ನಿರಾಕರಿಸದಂತೆ ನಿಯಮ ಬಿಗಿಗೊಳಿಸಿತು. ಎನ್ಐಟಿಯ ಸಂಘಟಕರು ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ ಮುಗಿದದ್ದು 2005ರಲ್ಲಿ, ಎನ್‌ಸಿಎಎ 5.65 ಕೋಟಿ ಡಾಲರ್ ತೆತ್ತು ಎನ್ಐಟಿಯನ್ನೇ ಕೊಂಡುಕೊಂಡಾಗ. ಅಂದು ಪ್ರತಿಸ್ಪರ್ಧಿಯಾಗಿದ್ದದ್ದು ಇಂದು ಅದೇ ಮನೆಯ ಹಿತ್ತಲು.

ಆ ಹಿತ್ತಲಿಗೆ ಬರಲು ದೊಡ್ಡ ಮನೆತನಗಳಿಗೆ ನಾಚಿಕೆ. 2017ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಎನ್ಐಟಿ ಪಂದ್ಯವನ್ನು ತನ್ನ ಅಂಗಳದಲ್ಲಿ ನಡೆಸಲೊಪ್ಪದೆ ಎದುರಾಳಿಯ ಊರಿಗೇ ಹೋಗಿ ಸೋತು ಬಂತು. 2023ರಲ್ಲಿ ಉತ್ತರ ಕೆರೊಲಿನಾ, 2024ರಲ್ಲಿ ಸೇಂಟ್ ಜಾನ್ಸ್ ಮತ್ತು ಮತ್ತೆ ಇಂಡಿಯಾನಾ, ಆಡುವುದೇ ಇಲ್ಲ ಎಂದವು.

ಇದನ್ನು ಬರಿಯ ಅಹಂಕಾರವೆಂದು ತಳ್ಳಿಹಾಕುವುದು ಸರಿಯಲ್ಲ. 2024ರಲ್ಲಿ ಆಟಗಾರರು ಕಾಲೇಜು ಬದಲಿಸುವ ಅವಧಿ ತೆರೆದುಕೊಂಡದ್ದು ಎನ್‌ಸಿಎಎ ತಂಡಗಳ ಘೋಷಣೆಯ ಮರುದಿನವೇ, ಅಂದರೆ ಎನ್ಐಟಿ ಆರಂಭಕ್ಕೂ ಮುನ್ನ. ಅರ್ಧ ತಂಡ ಗಂಟುಮೂಟೆ ಕಟ್ಟುತ್ತಿರುವಾಗ, ಮುಂದಿನ ವರ್ಷದ ತಂಡವನ್ನು ಕಟ್ಟುವ ಒತ್ತಡವಿರುವಾಗ, ತರಬೇತುದಾರ ಯಾರನ್ನು ಕಣಕ್ಕಿಳಿಸಬೇಕು? ಸೇಂಟ್ ಜಾನ್ಸ್‌ನ ರಿಕ್ ಪಿಟಿನೊ ಎನ್ಐಟಿ ಬಿಟ್ಟು ತಂಡ ಕಟ್ಟಿದರು. 2025ರಲ್ಲಿ ಅದೇ ಕಾಲೇಜು ಬಿಗ್ ಈಸ್ಟ್ ಲೀಗ್ ಹಾಗೂ ಅದರ ಟೂರ್ನಿ ಎರಡನ್ನೂ ಗೆದ್ದಿತು. ಇಂಡಿಯಾನಾ ಕೂಡ ಬಿಟ್ಟಿತು, ಆದರೆ 2025ರಲ್ಲೂ ಎನ್‌ಸಿಎಎ ಬಾಗಿಲು ಅದಕ್ಕೆ ತೆರೆಯಲಿಲ್ಲ. ಹಾಗಾಗಿ ಬಿಡುವುದೇ ಜಾಣತನವೆಂಬ ಸೂತ್ರವೂ ನಿಲ್ಲದು.

ಆಡಿದವರ ಕಥೆಯೂ ಕಡಿಮೆಯಿಲ್ಲ. 2008ರಲ್ಲಿ ಶುರುವಾದ ಸಿಬಿಐ ಟೂರ್ನಿಯನ್ನು, ತವರಿನಲ್ಲಿ ಪಂದ್ಯ ನಡೆಸಲು ಕಾಲೇಜುಗಳೇ ಹಣ ತೆರಬೇಕೆಂಬ ಕಾರಣಕ್ಕೆ, ಗೇಲಿ ಮಾಡಿದವರೇ ಹೆಚ್ಚು. ಅದನ್ನು 2010ರಲ್ಲಿ ಗೆದ್ದ ವರ್ಜೀನಿಯಾ ಕಾಮನ್‌ವೆಲ್ತ್ ತಂಡ ಮರುವರ್ಷ ಎನ್‌ಸಿಎಎ ಸೆಮಿಫೈನಲ್ ತಲುಪಿತು. 2017ರ ಎನ್ಐಟಿ ವಿಜೇತ ಟಿಸಿಯು, 1998ರ ನಂತರ ಮೊದಲ ಬಾರಿಗೆ 2018ರಲ್ಲಿ ಎನ್‌ಸಿಎಎ ಪ್ರವೇಶಿಸಿತು. ಕಿರು ಟೂರ್ನಿಯ ಅನುಭವವೇ ಇದಕ್ಕೆ ಕಾರಣ ಎನ್ನಲಾಗದು. ಆದರೆ ಹೆಚ್ಚುವರಿ ವಾರಗಳ ಅಭ್ಯಾಸ, ಸೋತರೆ ಮನೆಗೆ ಎಂಬ ಒತ್ತಡದ ಪಂದ್ಯಗಳು ಯುವ ತಂಡಕ್ಕೆ ಬೇರೆಲ್ಲಿ ಸಿಕ್ಕಾವು?

ಈ ಚರ್ಚೆಯ ತಿರುಳಿರುವುದು ಇಂಡಿಯಾನಾ ಸ್ಟೇಟ್ ತಂಡದ 2024ರ ಋತುವಿನಲ್ಲಿ. ಲ್ಯಾರಿ ಬರ್ಡ್ ಓದಿ ಆಡಿದ ಈ ಕಾಲೇಜು ಮಿಸೌರಿ ವ್ಯಾಲಿ ಲೀಗ್‌ನಲ್ಲಿ ಅಗ್ರಸ್ಥಾನ ಪಡೆಯಿತು. ಲೀಗ್ ಟೂರ್ನಿಯ ಫೈನಲ್‌ನಲ್ಲಿ ಡ್ರೇಕ್‌ಗೆ ಸೋತದ್ದೇ ನೆಪವಾಗಿ ಎನ್‌ಸಿಎಎ ಬಾಗಿಲು ಮುಚ್ಚಿತು. ಅವಮಾನವೆಂದು ಅದು ಮುನಿಸಿಕೊಂಡು ಕೂರಲಿಲ್ಲ. ತವರೂರು ಟೆರ್ರೆ ಹಾಟ್‌ನಲ್ಲಿ ಎಸ್‌ಎಂಯು, ಮಿನೆಸೋಟಾ, ಸಿನ್ಸಿನಾಟಿ ತಂಡಗಳನ್ನು ಸಾಲಾಗಿ ಮಣಿಸಿತು. ಸೆಮಿಫೈನಲ್‌ನಲ್ಲಿ ಯೂಟಾವನ್ನು ಕೆಡವಿ, ಇಂಡಿಯಾನಾಪೊಲಿಸ್‌ನ ಫೈನಲ್‌ನಲ್ಲಿ ಸೀಟನ್ ಹಾಲ್‌ಗೆ 77-79ರಿಂದ ಶರಣಾಯಿತು. ಬಳಿಕ ತರಬೇತುದಾರ ಜಾಶ್ ಶರ್ಟ್ಜ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ತೆರಳಿದರು, ತಾರೆ ರಾಬಿ ಅವಿಲಾ ಅವರನ್ನೇ ಹಿಂಬಾಲಿಸಿದರು. ತಂಡ ಹೇಗೂ ಚದುರುವುದಿತ್ತು. ಎನ್ಐಟಿ ಆಡದಿದ್ದರೆ ಆ ಊರಿಗೆ ಮೂರು ಸಂಜೆಗಳ ಸಂಭ್ರಮ ತಪ್ಪುತ್ತಿತ್ತು, ಅಷ್ಟೇ. ಆದರೆ ಆ ಊರಿನ ಮಟ್ಟಿಗೆ ಅದು ಸಣ್ಣ ಸಂಗತಿಯಲ್ಲ.

ವಿಪರ್ಯಾಸವೆಂದರೆ, ಅದೇ 2024ರ ಟೂರ್ನಿಗೆ ಎನ್‌ಸಿಎಎ ನಿಯಮ ಬದಲಿಸಿ, ಸಣ್ಣ ಲೀಗ್‌ಗಳ ಅಗ್ರಸ್ಥಾನಿಗಳಿಗಿದ್ದ ನೇರ ಪ್ರವೇಶವನ್ನು ರದ್ದುಪಡಿಸಿತ್ತು. ಬದಲಿಗೆ ಆರು ಬಲಾಢ್ಯ ಲೀಗ್‌ಗಳಿಗೆ ತಲಾ ಎರಡು ಸ್ಥಾನ ಖಾತ್ರಿ. ಹಸಿದವನ ಎಲೆ ಎತ್ತಿ, ಊಟವೇ ಬೇಡವೆಂದು ಕೈತೊಳೆದವನ ಮುಂದೆ ಹಾಸಿದ ಈ ಕ್ರಮಕ್ಕೆ ಪ್ರಸಾರದ ಲೆಕ್ಕಾಚಾರವಲ್ಲದೆ ಬೇರೆ ಸಮರ್ಥನೆ ಸಿಗುವುದು ಕಷ್ಟ. ದೊಡ್ಡವರಿಗಾಗಿಯೇ 2025ರಲ್ಲಿ ಲಾಸ್ ವೇಗಸ್‌ನಲ್ಲಿ 'ಕ್ರೌನ್' ಟೂರ್ನಿ ನಡೆಯಿತು. ಗೆದ್ದ ನೆಬ್ರಾಸ್ಕಾಕ್ಕೆ ಆಟಗಾರರ ಪ್ರಚಾರ ಒಪ್ಪಂದಗಳ ರೂಪದಲ್ಲಿ 3 ಲಕ್ಷ ಡಾಲರ್ ಗೊತ್ತುಪಡಿಸಲಾಗಿತ್ತು. ಹಣವಿಟ್ಟರೆ ಮಾನ-ಅವಮಾನದ ಮಾತು ತಗ್ಗುತ್ತದೆಂಬುದು ಸಂಘಟಕರ ಎಣಿಕೆಯಾಗಿದ್ದಿರಬಹುದು.

ಒಲ್ಲೆನೆನ್ನುವ ಹಕ್ಕು ದೊಡ್ಡ ತಂಡಗಳಿಗಿರಲಿ. ಆದರೆ ಹಾಗೆ ಬಿಟ್ಟ ಸ್ಥಾನ ಆಡುವ ಮನಸ್ಸಿದ್ದವರಿಗೆ ಸಲ್ಲಬೇಕು. 2025ರ ಎನ್ಐಟಿ ಫೈನಲ್‌ನಲ್ಲಿ ಎದುರಾದ ಚಾಟನೂಗಾ ಮತ್ತು ಯುಸಿ ಅರ್ವೈನ್ ಎರಡೂ ಬಲಾಢ್ಯ ಲೀಗ್‌ಗಳ ಹೊರಗಿನವು. ಪಂದ್ಯ ಹೆಚ್ಚುವರಿ ಅವಧಿಗೆ ಬೆಳೆದು, ಚಾಟನೂಗಾ 85-84ರಿಂದ ಗೆದ್ದಿತು.