ಆನ್‌ಲೈನ್ ಪೇಟೆಯ ಪಟ್ಟಿ ಓದಿರಿ



ಬೆಲ್ಲ, ಅರಿಷಿಣ ಪುಡಿ, ಖಾರಪುಡಿಯನ್ನು ಮೊಬೈಲಿನಲ್ಲಿ ಮಾರಿದರೆ ದಲಾಲಿ ತಪ್ಪುತ್ತದೆ ಎಂದು ನಮ್ಮ ಕಣಗಲಾ ಭಾಗದ ಹುಡುಗರು ಹೇಳತಾರ. ತಪ್ಪಲಿ, ಬ್ಯಾಡ ಅನ್ನಾವರು ಯಾರು? ಆದರೆ ಯಾವ ಅಂಗಡಿ ಆರಿಸಬೇಕು ಎನ್ನುವಾಗ ಅದರ ಜಾಹೀರಾತು ನೋಡಬೇಡಿರಿ. ಅಡತಿಯ ಪಟ್ಟಿ ಓದುವ ಹಾಗೆ ಅದರ ಪಟ್ಟಿ ಓದಿರಿ.

ಅಮೆಜಾನ್, ಫ್ಲಿಪ್‌ಕಾರ್ಟ್‌ನಲ್ಲಿ ಗಿರಾಕಿ ಇದ್ದಾನೆ, ಅದು ಖರೆ. ಆದರೆ ಕಮಿಷನ್ ಬೇರೆ, ಸಾಗಣೆ ಬೇರೆ, ಮಾಲು ಮುಂದಿನ ಸಾಲಿನಲ್ಲಿ ಕಾಣಬೇಕಾದರೆ ಅದರ ದುಡ್ಡು ಬೇರೆ. ಕೊಂಡವರು ಯಾರೆಂಬುದು ಅಂಗಡಿಯ ವಹಿಯಲ್ಲಿ ಉಳಿಯುತ್ತದೆ, ನಮ್ಮ ಹತ್ತಿರ ಅಲ್ಲ. ನಾಳೆ ಅವರು ಕಮಿಷನ್ ಏರಿಸಿದರೆ ಗಿರಾಕಿಯನ್ನು ಕರಕೊಂಡು ಹೊರಗೆ ಬರಾಕ ಆಗೂದಿಲ್ಲ. 1981ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ಹೆದ್ದಾರಿ ತಡೆದು ಕುಳಿತು, ಗೋಲಿಬಾರಿಗೆ ಎದೆಯೊಡ್ಡಿದ್ದು ದರ ವ್ಯಾಪಾರಿಯ ಕೈಯಲ್ಲಿದ್ದುದಕ್ಕೇ ಅಲ್ಲವೇ?

ಸರ್ಕಾರದ ಎರಡು ವ್ಯವಸ್ಥೆಗಳನ್ನು ಜನ ಒಂದೇ ಎಂದು ತಿಳಿಯುತ್ತಾರೆ. 2016ರ ಇ-ನಾಮ್ ಎಂದರೆ ಎಪಿಎಂಸಿ ಹರಾಜೇ, ಕಂಪ್ಯೂಟರಿನಲ್ಲಿ ನಡೆಯುತ್ತದೆ, ಅಷ್ಟೆ. ಒಂದು ಕಿಲೋ ಬೆಲ್ಲ ಬೇಕೆನ್ನುವ ತಾಯಿ ಅಲ್ಲಿಗೆ ಬರುವುದಿಲ್ಲ. 2021ರ ಕೊನೆಗೆ ಹುಟ್ಟಿದ ಓಎನ್‌ಡಿಸಿ ಸ್ವತಃ ಅಂಗಡಿಯಲ್ಲ, ಅಂಗಡಿಗಳನ್ನು ಕೂಡಿಸುವ ದಾರಿ. ಒಂದು ಆ್ಯಪಿನಲ್ಲಿ ಇಟ್ಟ ಮಾಲು ಬೇರೆ ಆ್ಯಪಿನ ಗಿರಾಕಿಗೂ ಕಾಣುತ್ತದೆ. ಮಾಲು ಏರಿಸುವ ಆ್ಯಪಿನವನೂ ತನ್ನ ಪಾಲು ಕೇಳುತ್ತಾನೆ, ಅದನ್ನು ಮೊದಲೇ ಬರೆಸಿಕೊಳ್ಳಿರಿ.

ಸ್ವಂತ ವೆಬ್‌ಸೈಟಿಗೆ ಬಾಡಿಗೆ ಉಂಟು, ಗಿರಾಕಿಯನ್ನೂ ನಾವೇ ಹುಡುಕಬೇಕು. ಆದರೆ ದರ, ವಿಳಾಸ ನಮ್ಮ ಕೈಯಲ್ಲಿ.

ಗಡಿಯವರಾದ ನಮಗೆ ಇನ್ನೊಂದು ತೊಡಕು ಇದೆ. ಹೆಸರಿನ ಚೀಟಿ ಹಚ್ಚಿದ ಪ್ಯಾಕೆಟ್ ಬೆಲ್ಲಕ್ಕೆ 2022ರ ಜುಲೈಯಲ್ಲಿ ಶೇ. 5 ಜಿಎಸ್‌ಟಿ ಬಂತು. ಇಂಥ ಮಾಲನ್ನು ಆನ್‌ಲೈನ್ ಅಂಗಡಿಗಳ ಮೂಲಕ ರಾಜ್ಯದೊಳಗೆ ಮಾರುವ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ನೋಂದಣಿಯ ಕಡ್ಡಾಯ ತೆಗೆದರು. ರಾಜ್ಯದ ಹೊರಗೆ ಕಳಿಸಿದರೆ ನೋಂದಣಿ ಬೇಕೇ ಬೇಕು. ಅಂದರೆ ದೂರದ ಬೆಂಗಳೂರಿಗೆ ಸಲೀಸು, ಮಗ್ಗಲಿನ ಕೊಲ್ಹಾಪುರಕ್ಕೆ ಕಾಗದಪತ್ರ! ಎಂಥಾ ಕಾನೂನೋ.

ನನ್ನ ಮಾತು ಇಷ್ಟು. ಪೆಂಟಿ ಬೆಲ್ಲ ತೂಕದ ಮಾಲು, ಸಾಗಣೆಯೇ ಅದನ್ನು ತಿನ್ನುತ್ತದೆ. ಅರಿಷಿಣ ಪುಡಿ, ಖಾರಪುಡಿಯಿಂದ ಸುರು ಮಾಡಿರಿ. ಹತ್ತು ಮನೆ ಕೂಡಿ ಒಂದೇ ಹೆಸರು, ಒಂದೇ ಆಹಾರ ಲೈಸೆನ್ಸ್ ಇರಲಿ. ಮೊದಲು ಫೋನಿನಲ್ಲಿ ಗಿರಾಕಿ ಮಾಡಿಕೊಳ್ಳಿರಿ, ಆಮೇಲೆ ಓಎನ್‌ಡಿಸಿ ನೋಡಿರಿ. ದೊಡ್ಡ ಅಂಗಡಿಗೆ ಸ್ವಲ್ಪವೇ ಮಾಲು ಕೊಡಿರಿ. ವೆಬ್‌ಸೈಟ್ ಶೃಂಗಾರಕ್ಕೆಂದು ಸೊಸೈಟಿ ಸಾಲ ಎತ್ತಬೇಡಿರಿ, ಕಬ್ಬಿನ ಸಾಲವೇ ಇನ್ನೂ ತೀರಿಲ್ಲ. ಮೂರು ತಿಂಗಳು ಮಾರಿ, ಎಲ್ಲ ಖರ್ಚು ಕಳೆದು ಕಿಲೋಗೆ ಕೈಗೆ ಉಳಿದದ್ದೆಷ್ಟು ಎಂದು ಬರೆದು ಈ ಪತ್ರಿಕೆಗೆ ಕಳಿಸಿರಿ.